ಬೆಂಗಳೂರು ನಾಗರತ್ನಮ್ಮ: ಪುಸ್ತಕ ಹೊರತಂದದ್ದೂ ಸಮಾಧಿ ಕಟ್ಟಿಸಿದ್ದೂ ಒಂದೇ ಹೋರಾಟವೇ?

ಕಪಿಲಾತೀರ (ಚರ್ಚೆಯ ಆರಂಭ)

ಇತಿಹಾಸದಲ್ಲಿ ರೂಢಿಯ ದಾರಿಯನ್ನು ಬಿಟ್ಟು ನಡೆದ ಹೆಣ್ಣುಮಕ್ಕಳ ಮಾತು ಬಂದಾಗ ನಮಗೆ ಮೊದಲು ನೆನಪಾಗುವವರು ಕತ್ತಿ ಹಿಡಿದವರು. ಉಳ್ಳಾಲದ ಅಬ್ಬಕ್ಕ, ಕಿತ್ತೂರಿನ ಚೆನ್ನಮ್ಮ, ಬೆಳವಡಿಯ ಮಲ್ಲಮ್ಮ ಇವರನ್ನು ಎಷ್ಟು ನೆನೆದರೂ ಕಡಿಮೆಯೇ. ಆದರೆ ಕತ್ತಿಯನ್ನಾಗಲಿ ಕುದುರೆಯನ್ನಾಗಲಿ ಮುಟ್ಟದೆ, ಒಂದು ಪುಸ್ತಕದ ಸಲುವಾಗಿ ಮತ್ತು ಒಂದು ಸಮಾಧಿಯ ಸಲುವಾಗಿ ತನ್ನ ಕಾಲದ ಹೆಸರಾಂತ ಗಂಡಸರಿಗೆ ಎದುರುನಿಂತು ವಾದಿಸಿದ ಒಬ್ಬ ಹೆಣ್ಣುಮಗಳ ವಿಷಯವನ್ನು ಇಲ್ಲಿ ಎತ್ತಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆಕೆ ಬೆಂಗಳೂರು ನಾಗರತ್ನಮ್ಮ.

ಹೆಸರಿನಲ್ಲಿ ಬೆಂಗಳೂರು ಇದ್ದರೂ ಆಕೆ ಹುಟ್ಟಿದ್ದು ನಮ್ಮ ನಂಜನಗೂಡಿನಲ್ಲಿ, 1878ರಲ್ಲಿ, ದೇವದಾಸಿ ಮನೆತನದಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ. ತಂದೆ ಕೈಬಿಟ್ಟ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದು ವಿದ್ವಾಂಸರೊಬ್ಬರಲ್ಲಿ ಪಾಠಕ್ಕೆ ಬಿಟ್ಟರು. ಹುಡುಗಿ ಎಂಟು ಒಂಬತ್ತರ ವಯಸ್ಸಿಗೇ ಸಂಸ್ಕೃತ ಶ್ಲೋಕಗಳನ್ನು ನಿರರ್ಗಳವಾಗಿ ಹೇಳುವಂತಾದಳು. ಆ ಪಾಠ ನಡುವಿನಲ್ಲಿಯೇ ಮುರಿದುಬಿದ್ದಾಗ ತಾಯಿ, ಇದೇ ಮೈಸೂರಿನಲ್ಲಿ ಮಗಳಿಗೆ ಮರ್ಯಾದೆ ಸಲ್ಲುವ ತನಕ ತಾನು ಈ ಊರಿಗೆ ಕಾಲಿಡುವುದಿಲ್ಲವೆಂದು ಹಟತೊಟ್ಟು ಊರು ಬಿಟ್ಟರಂತೆ. ಮುಂದೆ ಬೆಂಗಳೂರಿನಲ್ಲಿ ಪಿಟೀಲು ವಿದ್ವಾನ್ ಮುನಿಸ್ವಾಮಪ್ಪನವರಲ್ಲಿ ಸಂಗೀತಪಾಠವಾಯಿತು. ಅವರು ತ್ಯಾಗರಾಜರ ಶಿಷ್ಯರಿಂದ ಬೆಳೆದ ವಾಲಾಜಪೇಟೆಯ ಪರಂಪರೆಗೆ ಸೇರಿದವರಾದುದರಿಂದ ತ್ಯಾಗರಾಜರ ಕೃತಿಗಳು ಆಕೆಗೆ ನೇರವಾದ ಗುರುಮುಖದಿಂದಲೇ ದೊರೆತವು. ಹದಿನಾಲ್ಕರ ವಯಸ್ಸಿಗೆ ತಾಯಿ ತೀರಿಕೊಂಡರು. ಬೆಂಗಳೂರಿನಲ್ಲಿ ಆಕೆಗೆ ಆಶ್ರಯವಾಗಿದ್ದವರು ನ್ಯಾಯಾಧೀಶ ನರಹರಿರಾಯರು. ಹನುಮಂತನಗರದ ನರಹರಿರಾಯನ ಗುಡ್ಡವನ್ನು ದಿನವೂ ಹತ್ತಿ ಇಳಿಯುವವರಲ್ಲಿ ಆ ಹೆಸರಿನ ಹಿಂದೆ ಈ ಕಥೆಯೂ ಇದೆಯೆಂದು ಬಲ್ಲವರು ಕಡಿಮೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಕೆ ಮದರಾಸಿಗೆ ಹೋಗಿ ನೆಲೆಸಿ, ಕೆಲವೇ ವರ್ಷಗಳಲ್ಲಿ ಹೆಸರು, ಹಣ ಎರಡನ್ನೂ ಗಳಿಸಿದರು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ನಾಗರತ್ನಮ್ಮನವರನ್ನು ನೆನೆಯುವವರಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ಸಂಗೀತದವರು ಆಕೆಯನ್ನು ತಮಿಳುನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದ ಪರಮಭಕ್ತೆಯೆಂದು ಕೈಮುಗಿಯುತ್ತಾರೆ. ಸಾಹಿತ್ಯದವರು, ಅದರಲ್ಲಿಯೂ ಸ್ತ್ರೀವಾದಿ ವಿಮರ್ಶೆಯನ್ನು ಓದಿಕೊಂಡವರು, ತಂಜಾವೂರು ಆಸ್ಥಾನದ ತೆಲುಗು ಕವಯಿತ್ರಿ ಮುದ್ದುಪಳನಿಯ ಶೃಂಗಾರಕಾವ್ಯವಾದ ರಾಧಿಕಾಸಾಂತ್ವನವನ್ನು 1910ರಲ್ಲಿ ಸಂಪಾದಿಸಿ ಸರ್ಕಾರದ ನಿಷೇಧಕ್ಕೆ ಗುರಿಯಾದ ಧೀರೆಯೆಂದು ಹೊಗಳುತ್ತಾರೆ. ಮೊದಲಿನವರು ಪುಸ್ತಕದ ವಿಷಯವನ್ನು ಎತ್ತುವುದಿಲ್ಲ. ಎರಡನೆಯವರು ಭಕ್ತಿಯ ವಿಷಯ ಬಂದೊಡನೆ ಮಾತು ಮುಗಿಸುತ್ತಾರೆ. ಹೀಗೆ ಒಬ್ಬಳೇ ಹೆಣ್ಣುಮಗಳನ್ನು ಎರಡು ತುಂಡು ಮಾಡಿ ಹಂಚಿಕೊಂಡಂತಾಗಿದೆ. ನನಗೆ ತೋರುವುದೇನೆಂದರೆ, ಎರಡೂ ಕಡೆ ಆಕೆ ಕೇಳಿದ ಪ್ರಶ್ನೆ ಒಂದೇ ಆಗಿತ್ತು: ಹೆಣ್ಣಿನ ಬಾಯಿಂದ ಯಾವುದು ಹೊರಡಬೇಕು, ಯಾವುದು ಹೊರಡಬಾರದು ಎಂದು ತೀರ್ಮಾನಿಸುವ ಅಧಿಕಾರವನ್ನು ಗಂಡಸರಿಗೆ ಕೊಟ್ಟವರು ಯಾರು? ಪುಸ್ತಕದ ವಿಷಯದಲ್ಲಿ ಅದು ಶೃಂಗಾರಪದ್ಯ, ತಿರುವೈಯಾರಿನಲ್ಲಿ ರಾಮನಾಮ. ತಡೆದದ್ದು ಎರಡೂ ಕಡೆ ಒಂದೇ ಕೈ. ಇದನ್ನು ಒಪ್ಪುವವರೂ ಒಪ್ಪದವರೂ ದಯವಿಟ್ಟು ಬರೆಯಿರಿ.

ಹೊನ್ನಮ್ಮನ ಓದುಗ

ಕಪಿಲಾತೀರ ಅವರೇ, ಒಳ್ಳೆಯ ವಿಷಯವನ್ನು ಎತ್ತಿದ್ದೀರಿ. ಒಂದು ಸಣ್ಣ ಹೋಲಿಕೆಯೊಡನೆ ನನ್ನ ಸಂದೇಹವನ್ನು ಇಡುತ್ತೇನೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ಬರೆದಳು. ಹೆಣ್ಣನ್ನು ಹೀಗಳೆಯುವವರನ್ನು ಕಣ್ಣು ಕಾಣದವರೆಂದು ಗದರಿಸುವ ಅವಳ ಪದ್ಯ ಕನ್ನಡ ಓದಿದ ಪ್ರತಿಯೊಬ್ಬರ ನಾಲಗೆಯ ಮೇಲೂ ಇದೆ. ಅವಳೂ ಅರಮನೆಯವಳು, ಮುದ್ದುಪಳನಿಯೂ ಅರಮನೆಯವಳು. ಇಬ್ಬರ ನಡುವೆ ಸುಮಾರು ಮುಕ್ಕಾಲು ಶತಮಾನದ ಅಂತರ ಮಾತ್ರ. ಒಬ್ಬಳ ಕಾವ್ಯ ಪಠ್ಯಪುಸ್ತಕಕ್ಕೆ ಏರಿತು, ಇನ್ನೊಬ್ಬಳದು ಪೊಲೀಸರ ಕೈಗೆ ಸಿಕ್ಕಿತು. ಹೊನ್ನಮ್ಮ ಪತಿವ್ರತಾಧರ್ಮವನ್ನು ಬರೆದದ್ದರಿಂದಲೇ ಅವಳ ಗದರಿಕೆಯನ್ನು ನಮ್ಮ ಹಿರಿಯರು ಸಹಿಸಿಕೊಂಡರೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ನಾನು ತೆಲುಗು ಬಲ್ಲವನಲ್ಲ. ಆ ಕಾವ್ಯದಲ್ಲಿ ಸರ್ಕಾರವೇ ಎದ್ದು ಬರುವಂಥದ್ದು ಏನಿತ್ತು ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಕೋಲಾರದ ಎರಡು ನುಡಿ

ನಮ್ಮ ಮನೆಯಲ್ಲಿ ಅಡುಗೆಮನೆಯ ಮಾತು ತೆಲುಗು, ಪಡಸಾಲೆಯ ಮಾತು ಕನ್ನಡ. ಆದುದರಿಂದ ಈ ಕೆಲಸವನ್ನು ನಾನೇ ಹೊತ್ತುಕೊಳ್ಳುತ್ತೇನೆ.

ಮುದ್ದುಪಳನಿ ತಂಜಾವೂರಿನ ಮರಾಠ ಅರಸು ಪ್ರತಾಪಸಿಂಹನ ಆಸ್ಥಾನದಲ್ಲಿದ್ದವಳು. ಅವನು ಆಳಿದ್ದು 1739ರಿಂದ 1763ರವರೆಗೆ. ಅರಸ ಮರಾಠಿ, ನೆಲ ತಮಿಳು, ಆಸ್ಥಾನದ ಕಾವ್ಯ ಮತ್ತು ಸಂಗೀತದ ನುಡಿ ತೆಲುಗು. ಹತ್ತಿರ ಹತ್ತಿರ ಇದೇ ನೆಲದಲ್ಲಿ, ಇದೇ ನುಡಿಯಲ್ಲಿ ಮುಂದೆ ತ್ಯಾಗರಾಜರು ಹಾಡಿದರು ಎಂಬುದನ್ನು ಮರೆಯಬೇಡಿ. ಕಪಿಲಾತೀರ ಅವರು ಎರಡನ್ನೂ ಒಂದೇ ದಾರಕ್ಕೆ ಪೋಣಿಸುತ್ತಿರುವುದು ನನಗೆ ಒಪ್ಪಿಗೆಯಾಗಲು ಇದೂ ಒಂದು ಕಾರಣ. ಮುದ್ದುಪಳನಿ ಆಂಡಾಳಳ ತಿರುಪ್ಪಾವೈಯನ್ನು ತೆಲುಗಿಗೆ ತಂದವಳೂ ಹೌದು. ಅಂದರೆ ಭಕ್ತಿಯೂ ಶೃಂಗಾರವೂ ಅವಳ ಕೈಯಲ್ಲಿ ಬೇರೆ ಬೇರೆ ಮನೆಗಳಾಗಿರಲಿಲ್ಲ.

ರಾಧಿಕಾಸಾಂತ್ವನ ನಾಲ್ಕು ಆಶ್ವಾಸಗಳ, 584 ಪದ್ಯಗಳ ಕಾವ್ಯ. ಕಥೆ ಸಣ್ಣದು. ರಾಧೆ ಇಲ್ಲಿ ವಯಸ್ಸಿನಲ್ಲಿ ಕೃಷ್ಣನಿಗಿಂತ ಹಿರಿಯಳು, ತಿಳಿದವಳು. ತಾನೇ ಸಾಕಿ ಬೆಳೆಸಿದ ಇಳೆ ಎಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಹೊಸ ಹೆಂಡತಿಯೊಡನೆ ಹೇಗಿರಬೇಕೆಂದು ಅವನಿಗೂ, ಗಂಡನೊಡನೆ ಹೇಗಿರಬೇಕೆಂದು ಅವಳಿಗೂ ತಾನೇ ಬುದ್ಧಿ ಹೇಳಿ ಕಳುಹಿಸುತ್ತಾಳೆ. ಕಳುಹಿಸಿದ ಮೇಲೆ ಅಗಲಿಕೆ ತಡೆಯಲಾರದೆ ಉರಿಯುತ್ತಾಳೆ, ಗಿಳಿಯನ್ನು ದೂತನಾಗಿ ಅಟ್ಟುತ್ತಾಳೆ. ಕೃಷ್ಣ ಮರಳಿ ಬಂದರೆ ಮುಖ ಕೊಡುವುದಿಲ್ಲ. ಆತ ಬೇಡಿ, ಓಲೈಸಿ, ಕಾಲಿಗೆ ಬಿದ್ದು ಅವಳನ್ನು ಸಮಾಧಾನಪಡಿಸುವುದೇ ಕಾವ್ಯದ ಹೆಸರಾಯಿತು. ಜಯದೇವನ ಕೃಷ್ಣನೂ ರಾಧೆಯ ಪಾದವನ್ನು ತಲೆಯ ಮೇಲೆ ಬೇಡಿದವನೇ. ಅದನ್ನು ದೇವಸ್ಥಾನಗಳಲ್ಲಿ ಹಾಡುತ್ತೇವೆ. ಮುದ್ದುಪಳನಿಯಲ್ಲಿ ಹೊಸತೆಂದರೆ, ತನಗೇನು ಬೇಕೆಂದು ಹೆಣ್ಣು ಬಾಯಿಬಿಟ್ಟು ಹೇಳುತ್ತಾಳೆ, ಕೂಟದಲ್ಲಿ ಮುಂದಾಗುವವಳೂ ಅವಳೇ, ಇದನ್ನು ಬರೆದವಳೂ ಹೆಣ್ಣು.

ಈ ಕಾವ್ಯ 1887ರಲ್ಲಿಯೇ ಒಮ್ಮೆ ಅಚ್ಚಾಗಿತ್ತು. ಅದನ್ನು ಸಂಪಾದಿಸಿದವರು ತೆಲುಗು ನಿಘಂಟುಕಾರ ಸಿ. ಪಿ. ಬ್ರೌನರ ಬಳಿ ಕೆಲಸ ಮಾಡಿದ್ದ ಪೈಡಿಪಾಟಿ ವೆಂಕಟನರಸು. ಅದರಲ್ಲಿ ಶೃಂಗಾರದ ಎಷ್ಟೋ ಪದ್ಯಗಳು ಬಿಟ್ಟುಹೋಗಿದ್ದವು, ಅದು ಊಹಿಸಬಹುದಾದ ಸಂಗತಿ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕತ್ತರಿ. ಕಾವ್ಯದ ಮೊದಲಿಗೆ ಮುದ್ದುಪಳನಿ ತಾನು ಯಾರು, ತನ್ನ ಅಜ್ಜಿ ತಂಜನಾಯಕಿ ಎಂಥವಳು, ತನ್ನಂತೆ ಪಂಡಿತರನ್ನು ಸನ್ಮಾನಿಸಿದ ಹೆಣ್ಣು ಬೇರೆ ಯಾರಿದ್ದಾರೆ ಎಂದು ತಲೆಯೆತ್ತಿ ಹೇಳಿಕೊಂಡಿದ್ದ ಪೀಠಿಕೆಯೂ ಆ ಮುದ್ರಣದಲ್ಲಿ ಇರಲಿಲ್ಲ. ಪೀಠಿಕೆಯಲ್ಲಿ ಯಾವ ಶೃಂಗಾರವಿದೆ? ನಾಗರತ್ನಮ್ಮ ಆ ಅಚ್ಚಿನ ಪ್ರತಿಯನ್ನು ಪ್ರಯಾಸಪಟ್ಟು ದೊರಕಿಸಿಕೊಂಡು, ಆಮೇಲೆ ಹಸ್ತಪ್ರತಿಯೊಂದು ಸಿಕ್ಕಾಗ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿ, ಬಿಟ್ಟುಹೋದುದನ್ನೆಲ್ಲ ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಮೂಲಕ ಹೊರತಂದರು. ಇದನ್ನು ಹೆಣ್ಣು ಬರೆದಿದ್ದಾಳೆ, ಅದರಲ್ಲಿಯೂ ನಮ್ಮ ಕುಲದ ಹೆಣ್ಣು ಬರೆದಿದ್ದಾಳೆ, ಆದುದರಿಂದ ಇದನ್ನು ಸರಿಯಾದ ರೂಪದಲ್ಲಿ ಅಚ್ಚುಹಾಕಿಸುವುದು ತನಗೆ ಅಗತ್ಯವೆನಿಸಿತು ಎಂಬ ಅರ್ಥದ ಮಾತು ಆಕೆಯ ಮುನ್ನುಡಿಯಲ್ಲಿದೆ.

ವಿರೋಧಿಸಿದವರಲ್ಲಿ ದೊಡ್ಡ ಹೆಸರು ಕಂದುಕೂರಿ ವೀರೇಶಲಿಂಗಂ ಪಂತುಲು. ವಿಧವಾವಿವಾಹಕ್ಕಾಗಿ, ಹೆಣ್ಣುಮಕ್ಕಳ ಶಾಲೆಗಾಗಿ ಮೈಮುರಿದು ದುಡಿದ ಮಹನೀಯರು ಅವರು. ಅವರ ಬಗ್ಗೆ ಹಗುರವಾಗಿ ಮಾತಾಡುವ ಉದ್ದೇಶ ನನಗಿಲ್ಲ. ಆದರೆ ಕವಿಚರಿತ್ರೆಯಲ್ಲಿ ಅವರು ಈ ಕವಯಿತ್ರಿಯನ್ನು ಕುಲಟೆಯೆಂದು ಕರೆದು, ಹೆಣ್ಣು ಬರೆಯುವುದಿರಲಿ ಕಿವಿಯಲ್ಲಿ ಕೇಳಲೂಬಾರದ ಪದ್ಯಗಳಿವು ಎಂಬ ಅಭಿಪ್ರಾಯ ಕೊಟ್ಟಿದ್ದರು. ನಾಗರತ್ನಮ್ಮ ಕೊಟ್ಟ ಉತ್ತರ ತುಂಬ ನೇರವಾದದ್ದು. ನಾಚಿಕೆಯೆಂಬುದು ಹೆಣ್ಣಿಗೆ ಮಾತ್ರ ಸಲ್ಲುವ ಗುಣವೇ, ಗಂಡಸು ಬರೆದ ಶೃಂಗಾರಕ್ಕೆ ಆ ಅಳತೆ ಏಕೆ ಇಲ್ಲ ಎಂದು ಕೇಳಿದ ಆಕೆ, ಪಂತುಲು ಅವರೇ ತರಗತಿಯ ಪಾಠಕ್ಕೆ ಒಪ್ಪಿದ್ದ ವೈಜಯಂತೀವಿಲಾಸವೆಂಬ ಕಾವ್ಯದಲ್ಲಿ ಇದಕ್ಕಿಂತ ಬಿಚ್ಚಾದ ಪದ್ಯಗಳಿರುವುದನ್ನು ತೋರಿಸಿಕೊಟ್ಟರು. 1911ರಲ್ಲಿ ಮದರಾಸಿನ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಪ್ರಕಾಶಕರೂ ಹಲವು ಮಂದಿ ಪಂಡಿತರೂ ಕೊಟ್ಟ ಮನವಿಗಳಿಂದ ಫಲವಾಗಲಿಲ್ಲ. ನಿಷೇಧ ತೆರವಾದದ್ದು ಮದರಾಸು ಸರ್ಕಾರದ ಮುಖ್ಯಸ್ಥರಾಗಿದ್ದ ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ, 1947ರಲ್ಲಿ. ಮತ್ತೆ ಅಚ್ಚಾದದ್ದು 1952ರಲ್ಲಿ. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ, ಮೇ 19ರಂದು.

ಮಲಪ್ರಭಾ

ಎಲ್ಲರ ಬರಹವನ್ನೂ ಗಮನವಿಟ್ಟು ಓದಿದೆ. ಪುಸ್ತಕದ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೆ ಹೊಗಳಿಕೆಯ ನಡುವೆ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನೇ ಎತ್ತಬೇಕಾಗಿದೆ. 1927ರ ಹೊತ್ತಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ಮದರಾಸಿನ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಹೊರಟಾಗ, ಅದನ್ನು ವಿರೋಧಿಸಿ ಸಂಘಟನೆ ಮಾಡಿದವರಲ್ಲಿ ನಾಗರತ್ನಮ್ಮನವರೂ ಒಬ್ಬರು. ಇದನ್ನು ಬದಿಗಿಟ್ಟು ಆಕೆಯನ್ನು ಹೆಣ್ಣಿನ ಪರವಾದ ದನಿಯೆಂದು ಕರೆಯುವುದು ಹೇಗೆ?

ನಾನು ಇರುವುದು ಸವದತ್ತಿಯ ಕಡೆ. ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ನಡುವೆ ಹಲವು ವರ್ಷ ಕೆಲಸ ಮಾಡಿದ್ದೇನೆ. ಕರ್ನಾಟಕದಲ್ಲಿ 1982ರ ಕಾಯ್ದೆ ಬಂದ ಮೇಲೂ ಎಲ್ಲಮ್ಮನ ಗುಡ್ಡದ ಮೇಲೆ ಆಗುತ್ತಿದ್ದುದು ಮನೆಯ ಮೂಲೆಯಲ್ಲಿ, ಕತ್ತಲಲ್ಲಿ ಆಗತೊಡಗಿತೇ ಹೊರತು ಒಂದೇ ದಿನಕ್ಕೆ ನಿಂತುಹೋಗಲಿಲ್ಲ. ಹತ್ತು ಹನ್ನೊಂದರ ಹುಡುಗಿಗೆ ಹಸಿರು ಸೀರೆ ಉಡಿಸಿ, ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಕಟ್ಟಿ, ಆಮೇಲೆ ಅವಳನ್ನು ಊರಿನ ಉಳ್ಳವರ ಪಾಲಿಗೆ ಬಿಡುವ ಈ ಪದ್ಧತಿಯಲ್ಲಿ ಕಾವ್ಯವೂ ಇರಲಿಲ್ಲ, ಸಂಗೀತವೂ ಇರಲಿಲ್ಲ. ಇದ್ದದ್ದು ಬಡತನ ಮತ್ತು ಜಾತಿ. ಒಮ್ಮೆ ಅಂಥ ತಾಯಿಯೊಬ್ಬಳ ಮಗಳನ್ನು ಹೈಸ್ಕೂಲಿಗೆ ಸೇರಿಸಲು ಜೊತೆಗೆ ಹೋಗಿದ್ದೆ. ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೆವು. ಕಚೇರಿಯವರು ಅದರ ಮೇಲೆ ಬೆರಳಿಟ್ಟು, ಇದನ್ನು ತುಂಬಿಸಿಕೊಂಡು ಬನ್ನಿ ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಹುಡುಗಿ ತನ್ನ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ನಿಂತಿದ್ದಳು. ತಾಯಿ ಗೋಡೆಯ ಕಡೆ ನೋಡುತ್ತಿದ್ದಳು. ಆ ದಿನವನ್ನು ಕಂಡ ಮೇಲೆ, ದೇವದಾಸಿ ಪದ್ಧತಿಯನ್ನು ಉಳಿಸಬೇಕೆಂದು ಯಾರು ಎಷ್ಟೇ ವಿದ್ವತ್ತಿನಿಂದ ವಾದಿಸಿದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ದಫ್ತರಖಾನೆ

ಮಲಪ್ರಭಾ ಅವರೇ, ತಾವು ಎತ್ತಿದ್ದು ಈ ಚರ್ಚೆಯಲ್ಲಿ ಎತ್ತಲೇಬೇಕಾಗಿದ್ದ ಮಾತು. ಹಳೆಯ ಸರ್ಕಾರಿ ಕಡತಗಳನ್ನು ಓದುವ ಅಭ್ಯಾಸವುಳ್ಳವನಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಇವು ತಮ್ಮ ಅನುಭವಕ್ಕೆ ವಿರುದ್ಧವಾದವಲ್ಲ.

ಮದರಾಸಿಗಿಂತ ಬಹಳ ಮೊದಲೇ, 1909ರಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆಗ ಅದನ್ನು ಪ್ರಶ್ನಿಸಿ ಅರ್ಜಿ ಹಾಕಿಕೊಂಡವರು ಎಲ್ಲಿಯವರು ಗೊತ್ತೇ? ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು. ನಾಗರತ್ನಮ್ಮನವರ ಹುಟ್ಟೂರು! ಅದರ ಮರುವರ್ಷವೇ ಮದರಾಸಿನಲ್ಲಿ ಅವರ ಪುಸ್ತಕ ಹೊರಬಂತು. ಈ ಎರಡು ವರ್ಷಗಳನ್ನು ಜೊತೆಗಿಟ್ಟು ನೋಡಿದರೆ, ನಮ್ಮ ಕುಲದ ಹೆಣ್ಣು ಬರೆದದ್ದು ಎಂಬ ಮುನ್ನುಡಿಯ ಮಾತಿಗೆ ಬೇರೊಂದು ತೂಕ ಬರುತ್ತದೆ. ಇಡೀ ಕುಲವನ್ನೇ ಒಂದು ಕಳಂಕವೆಂದು ನೋಡುತ್ತಿದ್ದ ಕಾಲದಲ್ಲಿ, ನಮ್ಮಲ್ಲಿ ಇಂಥ ಕವಿಯೂ ಹುಟ್ಟಿದ್ದಳು ಎಂದು ಆಕೆ ಹೇಳುತ್ತಿದ್ದಾರೆ.

1927ರಲ್ಲಿ ಮದರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಟ್ಟದ್ದು ನಿಜ. ಅದರ ಸಾರವೇನೆಂದರೆ, ಹುಡುಗಿಯರನ್ನು ಸೂಳೆಗಾರಿಕೆಗೆ ನೂಕುವವರನ್ನು ಶಿಕ್ಷಿಸಿ, ನಮ್ಮನ್ನು ಅವರೊಡನೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ನಮ್ಮ ಮಕ್ಕಳಿಗೆ ವಿದ್ಯೆ ಕೊಡಿ. ಇದರ ಹಿಂದೆ ಆಸ್ತಿಯ ಪ್ರಶ್ನೆಯೂ ಇತ್ತು. ಹಿಂದೂ ಮನೆತನದ ಗೃಹಿಣಿಯರಿಗೆ ಆಸ್ತಿಯಲ್ಲಿ ಪಾಲೇ ಇಲ್ಲದಿದ್ದ ಆ ಕಾಲದಲ್ಲಿ, ತಾಯಿಯಿಂದ ಮಗಳಿಗೆ ಆಸ್ತಿ ಇಳಿದುಬರುತ್ತಿದ್ದುದೂ ಹೆಣ್ಣು ತನಗಾಗಿ ಮಗಳನ್ನು ದತ್ತು ತೆಗೆದುಕೊಳ್ಳಬಹುದಾಗಿದ್ದುದೂ ಈ ಕುಲದಲ್ಲಿ. ಇನಾಮು ಜಮೀನು ಸೇವೆಗೆ ಗಂಟುಹಾಕಿಕೊಂಡಿತ್ತು, ಸೇವೆ ಹೋದರೆ ಜಮೀನೂ ಹೋಗುವ ಭಯವಿತ್ತು. ಈ ಭಯ ಸುಳ್ಳಲ್ಲವೆಂದು ತಿಳಿದೇ ಮುತ್ತುಲಕ್ಷ್ಮಿ ಅವರು ಮೊದಲು ಸೇವೆಯ ಕಟ್ಟಿನಿಂದ ಜಮೀನನ್ನು ಬಿಡಿಸಿಕೊಡುವ ತಿದ್ದುಪಡಿಯನ್ನು 1929ರಲ್ಲಿ ತಂದರು. ಅರ್ಪಣೆಯನ್ನೇ ನಿಷೇಧಿಸಿದ ಮದರಾಸಿನ ಕಾಯ್ದೆ ಬಂದದ್ದು 1947ರಲ್ಲಿ.

ಮುತ್ತುಲಕ್ಷ್ಮಿ ಅವರು ಹೊರಗಿನಿಂದ ಬಂದು ಬುದ್ಧಿ ಹೇಳಿದವರೂ ಅಲ್ಲ. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಕುಲದವರೇ. ಪುದುಕ್ಕೋಟೆಯಲ್ಲಿ ಗಂಡುಹುಡುಗರ ಕಾಲೇಜಿಗೆ ಸೇರಿ, 1912ರಲ್ಲಿ ಮದರಾಸಿನಲ್ಲಿ ವೈದ್ಯ ಪದವಿ ಪಡೆದು, ಮುಂದೆ ಅಡೆಯಾರಿನ ಕ್ಯಾನ್ಸರ್ ಆಸ್ಪತ್ರೆಯನ್ನು ಕಟ್ಟಿದ ಆ ಮಹಾತಾಯಿಗೆ ಈ ಪದ್ಧತಿ ಮನೆಯೊಳಗಿನ ನೋವಾಗಿತ್ತು. ಅದೇ ಕುಲದಿಂದ ಬಂದ ಮೂವಲೂರು ರಾಮಾಮಿರ್ದಂ ಅಮ್ಮಾಳ್ ಹಳ್ಳಿಹಳ್ಳಿ ತಿರುಗಿ ಈ ಪದ್ಧತಿಯ ವಿರುದ್ಧ ಮಾತಾಡಿದರು, 1936ರಲ್ಲಿ ಕಾದಂಬರಿಯನ್ನೇ ಬರೆದರು. ಹೀಗೆ ಒಂದೇ ಕುಲದ ಮೂವರು ಹೆಣ್ಣುಮಕ್ಕಳು, ಮೂವರೂ ರೂಢಿಯನ್ನು ಮೀರಿದವರು, ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟರು. ಕಾಯ್ದೆಯ ವಿಷಯದಲ್ಲಿ ನಾಗರತ್ನಮ್ಮನವರ ನಿಲುವು ತಪ್ಪಾಗಿತ್ತೆಂದೇ ನನ್ನ ಅಭಿಪ್ರಾಯ. ಕುಲದೊಳಗಿನ ಎಷ್ಟೋ ಬಡ ಹುಡುಗಿಯರಿಗೆ ಅವರಂಥ ಕಂಠವಾಗಲಿ ಜಾರ್ಜ್ ಟೌನಿನ ಮನೆಯಾಗಲಿ ಇರಲಿಲ್ಲ. ಆದರೆ ದೇವದಾಸಿಯರ ಮಾತನ್ನು ಕೇಳದೆಯೇ ದೇವದಾಸಿಯರ ಬದುಕಿನ ಬಗ್ಗೆ ತೀರ್ಮಾನವಾಗಬಾರದು ಎಂಬ ನಾಗರತ್ನಮ್ಮನವರ ಒತ್ತಾಯ ತಪ್ಪಾಗಿರಲಿಲ್ಲ.

ಮಲಪ್ರಭಾ

ದಫ್ತರಖಾನೆ ಅವರೇ, ನಿಲುವು ತಪ್ಪೆಂದು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದಗಳು. ಕೊನೆಯ ವಾಕ್ಯವನ್ನು ನಾನೂ ಒಪ್ಪುತ್ತೇನೆ. ನಮ್ಮ ಕಡೆಯ ತಾಯಂದಿರಿಗೆ ಯೋಜನೆಗಳನ್ನು ಮಾಡಿದವರು ಬಹಳ ಮಂದಿ, ಅವರ ಎದುರು ಕುಳಿತು ನಿಮಗೇನು ಬೇಕವ್ವ ಎಂದು ಕೇಳಿದವರು ಕಡಿಮೆ. ಆದರೂ ತಂಜಾವೂರಿನ ಆಸ್ಥಾನದ ಗಣಿಕೆಯನ್ನೂ ಸವದತ್ತಿಯ ಜೋಗತಿಯನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ ಎಂಬುದನ್ನು ಎಲ್ಲರೂ ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನು ಸಮಾಧಿಯ ವಿಷಯ. ಹಣವಿದ್ದ ಭಕ್ತೆಯೊಬ್ಬಳು ಗುಡಿ ಕಟ್ಟಿಸಿದಳು ಎಂಬುದಕ್ಕಿಂತ ಹೆಚ್ಚಿನದು ಅದರಲ್ಲಿ ಏನಿದೆ ಎಂದು ತಿಳಿದವರು ಹೇಳಬೇಕು.

ತಂಬೂರಿ

ಮಲಪ್ರಭಾ ಮೇಡಂ ಕೇಳಿದ್ದಕ್ಕೆ ಉತ್ತರಿಸಲು ಪ್ರಯತ್ನಿಸುತ್ತೇನೆ. ನಾನು ಹಾಡುವವಳು, ಮೂರು ಬಾರಿ ಪುಷ್ಯ ಬಹುಳ ಪಂಚಮಿಗೆ ತಿರುವೈಯಾರಿಗೆ ಹೋಗಿ ಬಂದಿದ್ದೇನೆ.

ತ್ಯಾಗರಾಜರು 1847ರ ಜನವರಿ 6ರಂದು ಕಾಲವಾದರು. ಕೊನೆಯ ಗಳಿಗೆಯಲ್ಲಿ ಸಂನ್ಯಾಸ ಸ್ವೀಕರಿಸಿದ್ದರಿಂದ ಕಾವೇರಿಯ ದಡದಲ್ಲಿ ಸಮಾಧಿಯಾಯಿತು. ಅವರ ಶಿಷ್ಯರ ಕಾಲ ಮುಗಿಯುತ್ತ ಬಂದಂತೆ ಆ ಜಾಗ ಪಾಳುಬಿತ್ತು. 1903ರಲ್ಲಿ ಉಮಯಾಳ್‌ಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಹುಡುಕಿ ಬಂದು ಜೀರ್ಣೋದ್ಧಾರ ಮಾಡಿದರು, ಕೆಲವು ವರ್ಷಗಳಲ್ಲಿ ಆರಾಧನೆಯೂ ಮೊದಲಾಯಿತು. ಆರಾಧನೆ ನಡೆಸುವವರಲ್ಲಿ ಪೆರಿಯ ಕಟ್ಚಿ, ಚಿನ್ನ ಕಟ್ಚಿ ಎಂದು ಎರಡು ಬಣಗಳಾದವು. ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ. ಆರಾಧನೆ ವರ್ಷಕ್ಕೊಮ್ಮೆ, ಜಗಳ ವರ್ಷವಿಡೀ. ಈ ನಡುವೆ ಸಮಾಧಿಯ ಕಡೆಗೆ ಗಮನ ಕೊಡುವವರು ಇಲ್ಲದಾದರು.

1921ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಆ ಜಾಗದ ದುಃಸ್ಥಿತಿಯನ್ನು ಕಂಡು ನಾಗರತ್ನಮ್ಮನವರಿಗೆ ಕಾಗದ ಬರೆದರು. ಆಗ ಆಕೆಗೆ ನಲವತ್ತೆರಡು ವರ್ಷ. ಒಬ್ಬ ಕನ್ನಡಿಗ ವಿದ್ವಾಂಸರು ಕನ್ನಡ ನಾಡಿನಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಬರೆದ ಈ ಕಾಗದದಿಂದ ತಿರುವೈಯಾರಿನ ಇಂದಿನ ರೂಪ ಹೊರಟಿತು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷವೂ ಹೇಳುತ್ತೇನೆ. ಆಕೆ ಹೋಗಿ ನೋಡಿದರು, ಜಾಗವನ್ನು ದೊರಕಿಸಿಕೊಂಡರು, 1921ರ ಅಕ್ಟೋಬರಿನಲ್ಲಿಯೇ ಅಸ್ತಿಭಾರ ಹಾಕಿಸಿದರು, ಸಂಪಾದಿಸಿದ್ದನ್ನೆಲ್ಲ ಅದಕ್ಕೇ ಸುರಿದರು. ಸಮಾಧಿಯ ಮುಂದೆ ತ್ಯಾಗರಾಜರ ಮೂರ್ತಿಯನ್ನಿಟ್ಟು ಗುಡಿ ಕಟ್ಟಿಸಿ, 1925ರ ಜನವರಿ 7ರಂದು ಕುಂಭಾಭಿಷೇಕ ಮಾಡಿಸಿದರು.

ಇಷ್ಟಾದ ಮೇಲೆ ಆದದ್ದನ್ನು ಕೇಳಿ. ತಾನೇ ಕಟ್ಟಿಸಿದ ಗುಡಿಯ ಮುಂದೆ ಆಕೆ ಹಾಡುವಂತಿರಲಿಲ್ಲ. ಎರಡು ಬಣಗಳಿಗೂ ನೂರೆಂಟು ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು, ಹೆಣ್ಣು ಅಲ್ಲಿ ಹಾಡಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಪೂರ್ತಿ ಒಮ್ಮತವಿತ್ತು. ಆಕೆ ಅಳುತ್ತ ಕೂರಲಿಲ್ಲ, ಮದರಾಸಿಗೆ ಹಿಂದಿರುಗಲೂ ಇಲ್ಲ. 1927ರಲ್ಲಿ ಹಾಡುವ ಹೆಣ್ಣುಮಕ್ಕಳನ್ನು, ಅದರಲ್ಲಿಯೂ ದೇವದಾಸಿಯರನ್ನು, ಕರೆತಂದು ಗುಡಿಯ ಹಿಂಬದಿಯಲ್ಲಿ ಬೇರೆಯೇ ಆರಾಧನೆಯನ್ನು ಆರಂಭಿಸಿದರು. ಊರಿನವರು ಅದನ್ನು ಪೆಂಗಳ್ ಕಟ್ಚಿ, ಹೆಂಗಸರ ಪಕ್ಷ, ಎಂದು ಕರೆದರು. ಮೇಡಂ, ದಯವಿಟ್ಟು ವರ್ಷವನ್ನು ಗಮನಿಸಿ. ಮದರಾಸಿನಲ್ಲಿ ಮನವಿಗೆ ಸಹಿ ಹಾಕಿಸುತ್ತಿದ್ದುದೂ ತಿರುವೈಯಾರಿನಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಹಾಡಿಸುತ್ತಿದ್ದುದೂ ಒಂದೇ ವರ್ಷ. ಹದಿಮೂರು ಹದಿನಾಲ್ಕು ವರ್ಷ ಹೀಗೆ ಹಿಂಬದಿಯಲ್ಲಿ ಹಾಡಿದ ಮೇಲೆ, 1940ರ ಸುಮಾರಿಗೆ ಮೂರು ಬಣಗಳೂ ಒಂದಾದವು. ಹೆಣ್ಣುಮಕ್ಕಳು ಮುಂಬದಿಗೆ ಬಂದರು.

ಇಂದು ಪಂಚಮಿಯ ಬೆಳಿಗ್ಗೆ ನಾಟ ರಾಗದಿಂದ ಶ್ರೀರಾಗದವರೆಗೆ ಐದು ಪಂಚರತ್ನ ಕೃತಿಗಳನ್ನು ಸಾಲುಸಾಲಾಗಿ ಎದುರುಬದುರು ಕುಳಿತು ಎಲ್ಲರೂ ಹಾಡುತ್ತೇವೆ. ಮೊದಲ ಸಲ ಹೋದಾಗ ನನಗೆ ಜಾಗ ಸಿಕ್ಕಿದ್ದು ಚಪ್ಪರದ ಅಂಚಿನಲ್ಲಿ. ಕಾಲ ಕೆಳಗೆ ಹೊಳೆಯ ಮರಳು ತಣ್ಣಗಿತ್ತು. ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು ಪುಸ್ತಕ ನೋಡದೆ, ಕಣ್ಣುಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ವರಾಳಿಯ ಕೃತಿಯನ್ನು ಪೂರ್ತಿ ಹಾಡಿದರು. ಮುಗಿದ ಮೇಲೆ ಅವರು ಎದ್ದು ಮೊದಲು ಹೋದದ್ದು ತ್ಯಾಗರಾಜರ ಕಡೆಗಲ್ಲ. ಎದುರಿನ ಸಣ್ಣ ಮಂಟಪದಲ್ಲಿ, ಗುಡಿಯ ಕಡೆ ಮುಖಮಾಡಿ ಕೈಮುಗಿದು ಕುಳಿತಿರುವ ನಾಗರತ್ನಮ್ಮನವರ ವಿಗ್ರಹದ ಮುಂದೆ ನಿಂತು, ಕೈಯಲ್ಲಿದ್ದ ಹೂವನ್ನು ಅಲ್ಲಿಟ್ಟರು. ನಾನೂ ಹಿಂದೆಯೇ ಹೋಗಿ ಹಾಗೆಯೇ ಮಾಡಿದೆ. ಅಲ್ಲಿಯವರೆಗೆ ಆ ಸಾಲಿನಲ್ಲಿ ಕುಳಿತು ಹಾಡುವುದು ನನ್ನ ಸಹಜ ಹಕ್ಕೆಂದೇ ಅಂದುಕೊಂಡಿದ್ದೆ.

ಕಪಿಲಾತೀರ

ತಂಬೂರಿ ಅವರೇ, ತಮ್ಮ ಬರಹವನ್ನು ಎರಡು ಸಲ ಓದಿದೆ. ಮಲಪ್ರಭಾ ಅವರೇ, ನನ್ನ ಮೊದಲ ಬರಹದಲ್ಲಿ 1927ರ ಮನವಿಯನ್ನು ಬಿಟ್ಟದ್ದು ನನ್ನ ತಪ್ಪು. ಮಹನೀಯರ ಬಗ್ಗೆ ಬರೆಯುವಾಗ ಕಷ್ಟದ ಭಾಗವನ್ನು ಬಿಡುವ ಚಾಳಿಯನ್ನು ನಾನೇ ಇತರರಲ್ಲಿ ಟೀಕಿಸಿ, ನಾನೇ ಅದನ್ನು ಮಾಡಿದೆ. ಈಗ ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ಪುಸ್ತಕ, ಮನವಿ, ಸಮಾಧಿ ಈ ಮೂರರಲ್ಲಿಯೂ ಆಕೆ ತನ್ನವರ ಹೆಸರು ಅಳಿಸಿಹೋಗಬಾರದೆಂದು ಹಿಡಿದ ಪಟ್ಟು ಒಂದೇ. ಪುಸ್ತಕದಲ್ಲಿಯೂ ಸಮಾಧಿಯಲ್ಲಿಯೂ ಅದು ಎಲ್ಲ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು, ಮನವಿಯಲ್ಲಿ ಅದು ಸ್ಥಿತಿವಂತರಾಗಿದ್ದ ಕೆಲವರ ಕಾಳಜಿಗೆ ಮಾತ್ರ ನಿಂತಿತು. ಹೊನ್ನಮ್ಮನ ಓದುಗರು ಮೊದಲು ಎತ್ತಿದ ಅನುಮಾನಕ್ಕೂ ಇಲ್ಲಿ ಉತ್ತರವಿರಬಹುದು. ಹೊನ್ನಮ್ಮನ ಕಾವ್ಯವನ್ನು ಉಳಿಸಲು ಯಾರೂ ಜಗಳವಾಡಬೇಕಾಗಿ ಬರಲಿಲ್ಲ.

ಮಲಪ್ರಭಾ

ತಪ್ಪೊಪ್ಪಿಗೆಯೇನೂ ಬೇಡ, ಚರ್ಚೆ ಇರುವುದೇ ಇದಕ್ಕಾಗಿ. ಕೋಲಾರದ ಎರಡು ನುಡಿ ಅವರಲ್ಲಿ ಒಂದು ವಿನಂತಿ. 1887ರಲ್ಲಿ ಕತ್ತರಿಸಿದ್ದ ಆ ಪೀಠಿಕೆಯನ್ನು, ಮುದ್ದುಪಳನಿ ತನ್ನ ಅಜ್ಜಿಯ ಹೆಸರು ಹೇಳಿಕೊಳ್ಳುವ ಪದ್ಯಗಳನ್ನು ಮಾತ್ರ, ಸರಳವಾದ ಕನ್ನಡದಲ್ಲಿ ಬರೆದುಕೊಡಲು ಸಾಧ್ಯವೇ? ಅಂದು ಅರ್ಜಿ ಹಿಡಿದು ನಿಂತಿದ್ದ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ನಮ್ಮ ಸಂಜೆಯ ಗುಂಪಿನಲ್ಲಿ ಪುಸ್ತಕ ಓದಿ ಹೇಳುವವಳು ಅವಳೇ. ಅವಳ ಕೈಗೆ ಕೊಡಬೇಕು.

ಕೋಲಾರದ ಎರಡು ನುಡಿ

ಖಂಡಿತ ಮೇಡಂ. ಶೃಂಗಾರದ ಭಾಗಕ್ಕೆ ಹೋಗುವುದಿಲ್ಲ, ಪೀಠಿಕೆಯನ್ನಷ್ಟೇ ಪದ್ಯಕ್ಕೊಂದು ಪ್ಯಾರಾದಂತೆ ಗದ್ಯದಲ್ಲಿ ಬಿಡಿಸಿ ಬರೆಯುತ್ತೇನೆ. ಅಜ್ಜಿಯ ಹೆಸರು ಬರುವ ಪದ್ಯವನ್ನು ತೆಲುಗಿನಲ್ಲಿ ಓದಿದರೆ ಹೇಗೆ ಕೇಳಿಸುತ್ತದೆಯೋ ಹಾಗೆಯೇ ಕನ್ನಡ ಲಿಪಿಯಲ್ಲಿಯೂ ಕೊಡುತ್ತೇನೆ, ಹುಡುಗಿ ಬೇಕಿದ್ದರೆ ಅದನ್ನು ಗಟ್ಟಿಯಾಗಿ ಓದಲಿ. ಭಾನುವಾರದೊಳಗೆ ಇಲ್ಲಿಯೇ ಹಾಕುತ್ತೇನೆ.